ಮೂರು ಗೀಟಿನ ಡೈನಮೋ

ಮಾನ್ವಿಯಲ್ಲಿ ಬಾಡಿಗೆ ಕಾರು ಓಡಿಸುವ ದಸ್ತಗೀರ್ ಸಾಬ್ ಪುಕ್ಕಲನಲ್ಲ. ಆದರೆ 1979ರ ಶ್ರಾವಣದಲ್ಲಿ ಅವನ ಎದೆ ಜೋಳದ ಎಲೆಯಂತೆ ಅಲುಗುತ್ತಿತ್ತು. ಹಳೆಯ ಅಂಬಾಸಿಡರ್ ಕಾರಿನ ಡೈನಮೋ ಸುಟ್ಟುಹೋಗಿತ್ತು. ಬ್ಯಾಟರಿಗೆ ಕರೆಂಟು ತುಂಬುವ ಅದಿಲ್ಲದೆ ಕಾರು ದೂರ ಹೋಗದು. ಅತ್ತ ದೇವದುರ್ಗದಲ್ಲಿ ಮಗಳು ಜಾಹೆದಾಗೆ ದಿನ ತುಂಬಿದ್ದವು. ಕೂಸು ಅಡ್ಡ ಮಲಗಿದೆ, ನೋವು ಬಂದೊಡನೆ ರಾಯಚೂರಿಗೆ ಕರೆತನ್ನಿ ಎಂದಿದ್ದರು ಡಾಕ್ಟರು.

ಹೊಸದರ ಬೆಲೆ ಕೇಳಿಯೇ ಬಾಯಿ ಒಣಗಿ, ರಾಯಚೂರಿನ ಗುಜರಿ ತಾಯಪ್ಪನ ಹತ್ತಿರ ಹೋದ. ತಾಯಪ್ಪ ಕೊಟ್ಟ ಅಗ್ಗದ ಡೈನಮೋವನ್ನು ತಿರುಗಿಸಿ ನೋಡಿದ ಕೈ ಹಾವು ಮುಟ್ಟಿದಂತೆ ಹಿಂದೆ ಸರಿಯಿತು. ಅದರ ಮೈಮೇಲೆ ಬಿಳಿ ಬಣ್ಣದ ಮೂರು ಗೀಟು. ಆಯುಧಪೂಜೆಗೆ ಹೀಗೆ ಬಣ್ಣದಲ್ಲೇ ವಿಭೂತಿ ಗೀಟು ಎಳೆಯುತ್ತಿದ್ದವನು ಮಾನ್ವಿಯ ಕಾರ್ ಸ್ಟ್ಯಾಂಡಿನಲ್ಲಿ ಡ್ರೈವರ್ ಜಂಬಣ್ಣ ಒಬ್ಬನೇ. ಅವನು ಹೋದ ವರ್ಷ ಸಿರವಾರದ ಹಾದಿಯಲ್ಲಿ ಕಾರು ಸಮೇತ ಕಾಲುವೆಗೆ ಬಿದ್ದು ಸತ್ತಿದ್ದ.

“ಸತ್ತಾಂವ ಜಂಬಣ್ಣ, ಸಾಬ್ರ, ಡೈನಮೋ ಅಲ್ಲ. ಒಳಗಿನ ತಂತಿ ವೈಂಡಿಂಗ್ ಹೊಸದು ಹಾಕ್ಸೀನಿ. ಹೊಸಾದು ಬೇಕಂದ್ರ ಕಾರ್ ಮಾರಿ ತರಬೇಕಾಗ್ತದ ನೋಡ್ರಿ,” ಎಂದ ತಾಯಪ್ಪ.

ದಸ್ತಗೀರ್ ಅದನ್ನೇ ಒಯ್ದು ಕಾರಿಗೆ ಕೂಡಿಸಿದ. ಜಂಬಣ್ಣ ತನ್ನ ವಸ್ತು ಹುಡುಕಿಕೊಂಡು ಬಂದರೆ? ಯಾರಿಗೂ ಹೇಳದೆ ದರ್ಗಾದಿಂದ ತಾಯಿತ ತಂದು, ಕರಿ ಉಣ್ಣೆದಾರದಿಂದ ಡೈನಮೋಗೆ ಬಿಗಿದ.

ನಾಲ್ಕನೆಯ ದಿನ ನೋವು ಬಂತು. ದೇವದುರ್ಗಕ್ಕೆ ಹೋಗಿ, ಮಗಳನ್ನೂ ಸೂಲಗಿತ್ತಿ ಸೂಗಮ್ಮನನ್ನೂ ಹಿಂದೆ ಕೂರಿಸಿಕೊಂಡು ಸಿರವಾರದ ಹಾದಿ ಹಿಡಿದ. ಸರಿಯಾಗಿ ಅದೇ ಕಾಲುವೆಯ ಸೇತುವೆಯ ಮೇಲೆ, ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿತು. ಡೈನಮೋ ನಿಂತಿತ್ತು. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಜಂಬಣ್ಣ ಬಂದೇಬಿಟ್ಟ ಎಂದುಕೊಂಡ ದಸ್ತಗೀರನಿಗೆ ಕಾರು ನಿಲ್ಲಿಸಿದ ಮೇಲೆ ಬಾನೆಟ್ ಎತ್ತಲು ಕೈಯೇ ಏಳಲಿಲ್ಲ. ಒಳಗೆ ಜಾಹೆದಾ ನರಳಿದಳು. ಸೂಗಮ್ಮ ತಾನೇ ಇಳಿದು ಬಂದು, ಎತ್ತು ಎಂದು ಗದರಿದಳು.

ಎತ್ತಿ ನೋಡಿದರೆ, ಸಡಿಲವಾದ ತಾಯಿತದ ದಾರ ಡೈನಮೋದ ಗಾಲಿಗೆ ಸುತ್ತಿಕೊಂಡು, ಅದನ್ನು ತಿರುಗಿಸುವ ಬೆಲ್ಟನ್ನು ಹೊರಗೆ ತಳ್ಳಿತ್ತು. ಜಂಬಣ್ಣನಿಗೆ ಹೆದರಿ ಕಟ್ಟಿದವನು ತಾನೇ ಎಂದು ಒಪ್ಪಿಕೊಂಡ.

“ಸತ್ತಾಂವಗ ಅಂಜಿ, ಇದ್ದಾಕಿನ್ನ ಕೊಲ್ಲಾಕತ್ತೀರಲ್ಲ, ಸಾಬ್ರ,” ಎಂದಳು ಸೂಗಮ್ಮ.

ದಾರ ಕೊಯ್ದು ಬೆಲ್ಟ್ ಏರಿಸಿದ. ದೀಪ ಆರಿತು. ರಾಯಚೂರಿನ ಆಸ್ಪತ್ರೆ ಮುಟ್ಟುವವರೆಗೂ ಅವನ ಒಂದು ಕಣ್ಣು ಆ ದೀಪದ ಮೇಲೆಯೇ ಇತ್ತು. ಹೊಟ್ಟೆ ಕೊಯ್ದು ಹೆಣ್ಣು ಕೂಸು ತೆಗೆದರು. ತಾಯಿ, ಕೂಸು ಇಬ್ಬರೂ ಉಳಿದರು.

ಆ ಡೈನಮೋ ಮುಂದೆ ಎಂಟು ವರ್ಷ ಬಾಳಿತು. ಆಯುಧಪೂಜೆ ಬಂದಾಗಲೆಲ್ಲ ದಸ್ತಗೀರ್ ಸಾಬ್ ಆ ಮೂರು ಗೀಟಿಗೆ ತಾನೇ ಬಿಳಿ ಬಣ್ಣ ತೀಡುತ್ತಿದ್ದ.