ತಾರೀಕು ಭಾವನ ಇಪ್ಪತ್ತೊಂದನೇ ದಿನ

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಮನೆಯಲ್ಲಿ ಬೇರೇನೂ ಬರದಿದ್ದರೂ ಎಣಿಸಲು ಬರಬೇಕು. ಮೊದಲ ಹದಿನೆಂಟು ದಿನ ಮೊಟ್ಟೆಗಳನ್ನು ದಿನಕ್ಕೆ ಮೂರು ಸಲ ಹೊರಳಿಸಬೇಕು. ಹದಿನೆಂಟು ಮುಗಿದ ಮೇಲೆ ಕೆಳಗಿನ ಖಾನೆಗೆ ಇಳಿಸಿ, ಅಲುಗಾಡಿಸದೆ ಬಿಟ್ಟುಬಿಡಬೇಕು. ಇಪ್ಪತ್ತೊಂದಕ್ಕೆ ಮರಿ ಒಡೆದುಕೊಂಡು ಬರುತ್ತದೆ. ಇಷ್ಟೇ ವಿದ್ಯೆ. ಇದನ್ನು ತಾರೀಕು ಭಾವ ಈಗಾಗಲೇ ಎರಡು ಸಲ ಹಾಳು ಮಾಡಿದ್ದರು.

ಆ ಹೆಸರಿಟ್ಟವಳು ಅವರ ನಾದಿನಿ. ಸುಮ್ಮನೆ ಇಟ್ಟದ್ದಲ್ಲ, ಚಾಳಿ ಚಿಕ್ಕಂದಿನದು. ಶಾಲೆಯಲ್ಲಿ ಪುಟದ ಬಲಮೂಲೆಗೆ ತಾರೀಕು ಬರೆದು, ಅದರಡಿ ಸ್ಕೇಲಿಟ್ಟು ಒಂದು ಕೆಂಪು ಗೆರೆ, ಒಂದು ನೀಲಿ ಗೆರೆ ಎಳೆದು, ತಲೆ ವಾಲಿಸಿ ಚೆಂದ ನೋಡುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಉತ್ತರ ಬರೆಯಲು ಅವರಿಗೆ ಯಾವತ್ತೂ ಪುರುಸೊತ್ತಾಗಲಿಲ್ಲ. ಆಮೇಲೆ ಒಂದು ಆಫೀಸಿನ ಟಪಾಲು ವಿಭಾಗ ಸೇರಿ, ಬಂದ ಕಾಗದಗಳ ಮೇಲೆಲ್ಲ ತಾರೀಕಿನ ಮೊಹರು ಒತ್ತುತ್ತ ಹನ್ನೊಂದು ವರ್ಷ ಸ್ವರ್ಗ ಕಂಡರು. ಒಂದು ದಿನ ಮೊಹರು ಒತ್ತುವ ಮೆಷೀನು ಆಫೀಸಿಗೆ ಬಂತು, ಭಾವ ಮನೆಗೆ ಬಂದರು.

ಹೆಂಡತಿ ಹಿತ್ತಿಲ ಕೋಣೆಯಲ್ಲಿ ಆಳೆತ್ತರದ ಕಾವಿನ ಪೆಟ್ಟಿಗೆ ಇಟ್ಟು ಮರಿ ಮಾಡಿಸಿ ಕೋಳಿ ಫಾರಂಗೆ ಕೊಡುತ್ತಿದ್ದಳು. ಗಂಡ ಸುಮ್ಮನೆ ಕೂತರೆ ಕೊರಗಿಯಾರು ಎಂದು ಕೋಣೆಯ ಕೀ ಅವರ ಕೈಗೆ ಕೊಟ್ಟಳು. ಭಾವನಿಗೆ ಅದು ಕೀ ಅಲ್ಲ, ಅಧಿಕಾರ. ಷರಟಿನ ಜೇಬಿಗೆ ಪಿನ್ನು ಹಾಕಿ, ನಾಲ್ಕು ಜನಕ್ಕೆ ಕಾಣುವ ಹಾಗೆ ನೇತುಬಿಟ್ಟರು.

ಮೊಬೈಲಿಗೆ ಟಿಪ್ಪಣಿ ಆಪ್ ಬಂದದ್ದೂ ಆಗಲೇ. ಬೆಳಿಗ್ಗೆ ತೆರೆದರೆ ಅದು ತಾನೇ ಒಂದು ಹೊಸ ಪುಟ ಮಾಡಿ, ನೆತ್ತಿಯ ಮೇಲೆ ಅಂದಿನ ತಾರೀಕು ಬರೆದು, ಕೆಳಗೊಂದು ಚುಕ್ಕೆ ಇಟ್ಟು ಕಾಯುತ್ತದೆ. ಚುಕ್ಕೆಯ ಮುಂದೆ ನಾವು ಬರೆಯಬೇಕು. ಬರುವ ದಿನಗಳ ಪುಟವನ್ನೂ ಮೊದಲೇ ತೆರೆದು ಅಂದಿನ ಕೆಲಸ ಬರೆದಿಡಬಹುದು. ಒಳ್ಳೆಯ ಆಪೇ. ಆದರೆ ಭಾವನ ಕಣ್ಣು ಬಿದ್ದದ್ದು ಸೆಟ್ಟಿಂಗ್ಸಿನ ಮೇಲೆ. ತಾರೀಕನ್ನು ಹೇಗೆ ತೋರಿಸಲಿ ಎಂದು ಅದು ಕೇಳಿತ್ತು. ಹದಿನಾಲ್ಕು ಬಗೆ. ವಾರ ಮುಂದೋ ಹಿಂದೋ, ತಿಂಗಳು ಅಕ್ಷರದಲ್ಲೋ ಅಂಕಿಯಲ್ಲೋ, ನಡುವೆ ಅಡ್ಡಗೆರೆಯೋ ಓರೆಗೆರೆಯೋ. ಮದುವೆಗೆ ಒಪ್ಪುವಾಗಲೂ ಭಾವ ಇಷ್ಟು ಯೋಚಿಸಿರಲಿಲ್ಲ.

ಮೊದಲ ಸಲ ಓರೆಗೆರೆಯ ಗಡಿಬಿಡಿಯಲ್ಲಿ ಎರಡು ದಿನ ಹೊರಳಿಸುವುದೇ ಮರೆತುಹೋಯಿತು. ಎರಡನೇ ಸಲ ವಾರದ ಹೆಸರನ್ನು ಮುಂದೆ ತರುವ ಸಂಭ್ರಮದಲ್ಲಿ ಪೆಟ್ಟಿಗೆಯೊಳಗಿನ ನೀರಿನ ತಟ್ಟೆ ಒಣಗಿತು. ಮೂರನೇ ಸಲ ಮೊಟ್ಟೆ ಇಡುವಾಗ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನೋಡ್ರೀ, ಫಾರಂನವ್ರಿಗೆ ಮುನ್ನೂರು ಮರಿ ಅಂತ ಮಾತು ಕೊಟ್ಟಿದೀನಿ. ಇದೂ ಕೈಕೊಟ್ರೆ ಕೀ ನನ್ ತಂಗಿ ಕೈಗೆ."

"ಅವಳಿಗೇನೇ ಗೊತ್ತು?"

"ಇಪ್ಪತ್ತೊಂದರವರೆಗೂ ಎಣಿಸೋಕೆ ಬರುತ್ತೆ ಭಾವ," ಅಂದಳು ನಾದಿನಿ ಬಾಗಿಲಲ್ಲೇ ನಿಂತು. "ಇಪ್ಪತ್ತೆರಡು ಬೇಕಾದ್ರೆ ನಿಮ್ಮನ್ನೇ ಕೇಳ್ತೀನಿ."

ಭಾವನ ಮಾನವೆಲ್ಲ ಆ ಪಿನ್ನಿಗೆ ಬಂದು ನೇತಾಡಿತು. ಅವತ್ತೇ ಕೂತು ಹತ್ತೊಂಬತ್ತನೇ ದಿನದ ಪುಟ ತೆರೆದು 'ಹೊರಳಿಸುವುದು ನಿಲ್ಲಿಸಿ, ಕೆಳಗೆ ಇಳಿಸಿ' ಎಂದು ಬರೆದರು. ಇಪ್ಪತ್ತೊಂದರ ಪುಟದಲ್ಲಿ 'ಮರಿ, ಫಾರಂನವರು ಬರುತ್ತಾರೆ' ಎಂದು ಬರೆದರು. ಹದಿನಾಲ್ಕು ದಿನ ಗಡಿಯಾರದ ಹಾಗೆ ಕೆಲಸ ಮಾಡಿದರು.

ಹದಿನೈದನೇ ದಿನ ನೆತ್ತಿಯ ಮೇಲಿನ ಅಡ್ಡಗೆರೆಗಳು ಹಲ್ಲಿನ ಸಂದಿಯ ಕಡ್ಡಿಯಂತೆ ಚುಚ್ಚತೊಡಗಿದವು. ಸೆಟ್ಟಿಂಗ್ಸಿಗೆ ಹೋಗಿ ಬದಲಾಯಿಸಿದರು. ಆಪ್ ತಡೆದು ಒಂದು ಎಚ್ಚರಿಕೆ ತೋರಿಸಿತು: ಹಳೆ ರೂಪದ ತಾರೀಕುಗಳನ್ನು ಇನ್ನು ದಿನವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವು ಬರೀ ಪುಟಗಳಾಗಿ ಪಕ್ಕಕ್ಕೆ ಬಿದ್ದಿರುತ್ತವೆ, ಅವುಗಳಲ್ಲಿ ಬರೆದದ್ದು ಆಯಾ ದಿನ ಕಾಣಿಸುವುದಿಲ್ಲ, ಪರವಾಗಿಲ್ಲವೇ? ಭಾವ ಓದದೆ 'ಸರಿ' ಒತ್ತಿದರು. ಓದೋಣವೆಂದರೆ ಅದರಲ್ಲಿ ತಾರೀಕೇ ಇರಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಪುಟ ತೆರೆದರು. ನೆತ್ತಿಯ ಮೇಲೆ ಕೆತ್ತಿಟ್ಟಂಥ ತಾರೀಕು. ಕೆಳಗೆ ಖಾಲಿ ಚುಕ್ಕೆ. ಇವತ್ತು ವಿಶೇಷವೇನಿಲ್ಲ ಎಂದು ಸಮಾಧಾನವಾಯಿತು. ಹಿತ್ತಿಲಿಗೆ ಹೋಗಿ, ಎಂದಿನಂತೆ ಪೆಟ್ಟಿಗೆಯ ಹೊರಗಿನ ಹಿಡಿಕೆ ಎಳೆದು ಒಳಗಿನ ಟ್ರೇಗಳನ್ನು ವಾಲಿಸಿದರು. ಬಾಗಿಲು ತೆರೆದು ನೋಡಲಿಲ್ಲ, ಕಾವು ಆರುತ್ತದಲ್ಲ. ಹಿಡಿಕೆ ಯಾಕೋ ಹೂವಿನಷ್ಟು ಹಗುರವಿತ್ತು. ಹೋದ ವಾರ ಎಣ್ಣೆ ಬಿಟ್ಟದ್ದು ನೆನಪಾಗಿ ತಮ್ಮನ್ನು ತಾವೇ ಮೆಚ್ಚಿಕೊಂಡರು.

ಇಪ್ಪತ್ತೊಂದನೇ ದಿನವೂ ಪುಟ ಖಾಲಿ. ಭಾವ ಕಾಲು ಚಾಚಿ ಕೂತಿದ್ದಾಗ ಫಾರಂನವರು ತೂತಿನ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಅಂಗಳಕ್ಕೆ ಬಂದರು.

"ಮರಿ ರೆಡಿನಾ ಸಾರ್?"

"ಮರಿನಾ? ಇವತ್ತಾ? ನನ್ನ ಪುಸ್ತಕದಲ್ಲಿ ಇವತ್ತು ಏನೂ ಇಲ್ವಲ್ಲ." ಮೊಬೈಲು ತಿರುಗಿಸಿ ತೋರಿಸಿದರು.

ಫಾರಂನವರು ಬಗ್ಗಿ ನೋಡಿದರು. "ತಾರೀಕು ಇವತ್ತಿಂದೇ ಅಲ್ವಾ ಸಾರ್."

"ಚೆನ್ನಾಗಿದೆ ಅಲ್ವಾ? ಮುಂಚೆ ನಡುವೆ ಅಡ್ಡಗೆರೆ ಇತ್ತು."

ಅಷ್ಟರಲ್ಲಿ ಹಿತ್ತಿಲ ಕೋಣೆಯಿಂದ ಚಿಂವ್ ಎಂಬ ಸದ್ದು ಬಂತು. ಅದರ ಹಿಂದೆಯೇ ನೂರಾರು. ಭಾವ ಎದ್ದು ಓಡಿದರು. ಕೀ ಹಾಕಿ ಕೋಣೆ ತೆರೆದು ಪೆಟ್ಟಿಗೆಯ ಮೇಲಿನ ಬಾಗಿಲು ಎಳೆದರೆ ಟ್ರೇಗಳು ಬಿಕೋ ಎನ್ನುತ್ತಿದ್ದವು, ಒಂದು ಮೊಟ್ಟೆಯಿಲ್ಲ. ಕೆಳಗಿನ ಖಾನೆಯಲ್ಲಿ ಹಳದಿ ಮರಿಗಳು ಒಂದರ ಮೇಲೊಂದು ಹತ್ತಿ ಕೂಗುತ್ತಿದ್ದವು.

"ಯಾರಿಳಿಸಿದ್ದು ಇದನ್ನ?"

"ನಾವೇ, ಮೊನ್ನೆ," ಅಂದಳು ತಂಗಿಯೊಂದಿಗೆ ಹಿಂದೆಯೇ ಬಂದ ಹೆಂಡತಿ. "ಟ್ರೇಗೊಂದು ಮೊಟ್ಟೆ ಮೇಲೆ ಪೆನ್ಸಿಲಲ್ಲಿ ಬರ್ದಿಟ್ಟಿದ್ದೆ, ಯಾವತ್ತು ಇಳಿಸ್ಬೇಕು ಅಂತ."

"ಕೀ?"

"ನೀವು ಸ್ನಾನಕ್ಕೆ ಹೋಗಿದ್ರಿ, ಷರಟು ಗೂಟದಲ್ಲಿತ್ತು," ಅಂದಳು ನಾದಿನಿ. "ಮೂರು ದಿನದಿಂದ ಖಾಲಿ ಟ್ರೇ ತಿರುಗಿಸ್ತಿದೀರಾ ಭಾವ. ಒಂದು ಹೊತ್ತೂ ತಪ್ಪಿಸ್ಲಿಲ್ಲ. ಅದನ್ನ ಮಾತ್ರ ಮೆಚ್ಬೇಕು."

"ಹೇಳ್ಬಾರ್ದಿತ್ತಾ?"

"ಇವತ್ತು ನೋಡ್ತೀರೇನೋ, ನಾಳೆ ನೋಡ್ತೀರೇನೋ ಅಂತ ಕಾದೆ," ಅಂದಳು ಹೆಂಡತಿ. ಬೈಯಲಿಲ್ಲ. ಕೈ ಚಾಚಿದಳು ಅಷ್ಟೇ.

ಭಾವ ಪಿನ್ನು ಬಿಚ್ಚಿದರು. ಫಾರಂನವರು ಮರಿ ಎಣಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ನಕ್ಕರು. ಆ ಮಧ್ಯಾಹ್ನ ಭಾವ ಜಗಲಿಯಲ್ಲಿ ಒಬ್ಬರೇ ಕೂತು, ಅಂದಿನ ತಾರೀಕಿನ ಕೆಳಗೆ, ಅಷ್ಟು ಹೊತ್ತೂ ಖಾಲಿ ಇದ್ದ ಚುಕ್ಕೆಯ ಮುಂದೆ ನಿಜ ಬರೆದರು: 'ಕೀ ಕೊಟ್ಟೆ.'

ಮಾರನೆಯ ದಿನ ಅವರಿಗೆ ವರ್ಷ ಮುಂದೆ ಬಂದರೆ ಇನ್ನೂ ಲಕ್ಷಣ ಅನ್ನಿಸಿತು. ಬದಲಾಯಿಸಿದರು. ಆಪ್ ಏನೋ ಕೇಳಿತು, 'ಸರಿ' ಒತ್ತಿದರು. ನಿನ್ನೆಯ ದಿನ ದಿನವಾಗಿ ಉಳಿಯಲಿಲ್ಲ.

ಈಗ ಮರಿ ಕೋಣೆ ನಾದಿನಿಯ ಕೈಯಲ್ಲಿದೆ, ಒಂದು ಸಲವೂ ಹಾಳಾಗಿಲ್ಲ. ಭಾವನ ಪುಸ್ತಕದ ಪ್ರಕಾರ ಮಾತ್ರ ಕೀ ಇನ್ನೂ ಅವರ ಹತ್ತಿರವೇ ಇದೆ. ಖಾಲಿ ಪಿನ್ನನ್ನು ಅವರು ಷರಟಿನಿಂದ ತೆಗೆದಿಲ್ಲ.