ಎಂಟರ್ ಅಂದ್ರೆ ಬೇಡ ಅಂತ

ಜೊತೆಯಲ್ಲಿ ಕೆಲಸ ಮಾಡುವವರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಯಾರು ಬರೆದ ಪ್ರೋಗ್ರಾಮನ್ನೇ ಕೊಡಲಿ, ಬೇಡದ ಸಾಲುಗಳನ್ನು ಹುಡುಕಿ ಕತ್ತರಿಸದೆ ಅವಳಿಗೆ ಸಮಾಧಾನವಿರಲಿಲ್ಲ. ಹೆಸರು ಕೇಳಿದವರು ಗಟ್ಟಿಗಿತ್ತಿ ಎಂದುಕೊಳ್ಳಬೇಕು. ಸ್ವಭಾವ ಮಾತ್ರ ತದ್ವಿರುದ್ಧ. ಹಾಕಿದ ಬೀಗವನ್ನು ಮತ್ತೆ ಎಳೆದು ನೋಡಿಯೇ ಮೆಟ್ಟಿಲಿಳಿಯುವವಳು. ಅವಳಣ್ಣ ಇವತ್ತಿಗೂ ಅವಳನ್ನು ಪುಕ್ಕಲಿ ಎಂದೇ ಕರೆಯುವುದು.

ಅವಳ ಕೆಲಸವೆಂದರೆ ಇಮೇಲ್ ಸಾಗಿಸುವ ಒಂದು ಸರ್ವರ್ ಸಾಫ್ಟ್‌ವೇರ್. ಓಪನ್ ಸೋರ್ಸ್, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಲ್ಲವರು ತಿದ್ದಬಹುದು. ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಕಾಲದಲ್ಲಿ ಅದರ ಕೈಪಿಡಿಯಲ್ಲೊಂದು ತಪ್ಪು ಕಂಡು ತಿದ್ದಿ ಕಳಿಸಿದ್ದಳು. ಬೆರಳು ಕೊಟ್ಟರೆ ಹಸ್ತ ನುಂಗಿದರು ಎನ್ನುವ ಹಾಗೆ ಒಂದೊಂದೇ ಜವಾಬ್ದಾರಿ ಹೆಗಲಿಗೇರಿ, ಈಗ ಅದೇ ಅವಳ ಉದ್ಯೋಗ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆ, ಕಿಟಕಿಗೆ ಆತುಕೊಂಡ ಮೇಜು, ಅದೇ ಆಫೀಸು.

ಆ ಸಾಫ್ಟ್‌ವೇರಿನ ಜೊತೆ ಮೊದಲಿನಿಂದಲೂ ಒಂದು ಸಾಧನ ಬರುತ್ತಿತ್ತು. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ಹೊಸಬರಿಗೆ ಖಾತೆ ತೆರೆಯುವುದು, ಬಿಟ್ಟುಹೋದವರದನ್ನು ತೆಗೆಯುವುದು, ಪಾಸ್‌ವರ್ಡ್ ಬದಲಿಸುವುದು, ಎಲ್ಲ ಅದರಿಂದಲೇ. ಬಳಸುವವರು ಅದನ್ನು ಅಜ್ಜ ಎನ್ನುತ್ತಿದ್ದರು. ಆದರೆ ಅಜ್ಜನಿಗೊಂದು ಕೆಟ್ಟ ಚಾಳಿ. ಪಾಸ್‌ವರ್ಡನ್ನು ಆಜ್ಞೆಯ ಜೊತೆಗೇ ಟೈಪ್ ಮಾಡಬೇಕಿತ್ತು. ಆ ಗಳಿಗೆಯಲ್ಲಿ ಅದೇ ಯಂತ್ರದಲ್ಲಿ ಬೇರೆ ಯಾರಾದರೂ ಇಣುಕಿದರೆ ಅವರಿಗೂ ಕಾಣುತ್ತಿತ್ತು. ಗುಟ್ಟನ್ನು ಬೀದಿಯಲ್ಲಿ ನಿಂತು ಕೂಗಿದ ಹಾಗೆ. ಅಜ್ಜನನ್ನು ತೆಗೆದು ಹೊಸ ಸಾಧನ ತರಬೇಕೆಂದು ಅದನ್ನೆಲ್ಲ ನೋಡಿಕೊಳ್ಳುವ ತಂಡದವರು ತೀರ್ಮಾನಿಸಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ಕತ್ತರಿಯ ಕಡೆ ನೋಡಿದರು.

ತಿಂಗಳುಗಟ್ಟಲೆ ಅವಳು ಅದರಲ್ಲೇ ಮುಳುಗಿದಳು. ಅಜ್ಜ ಮಾಡುತ್ತಿದ್ದುದನ್ನೆಲ್ಲ ಹೊಸದೂ ಮಾಡುವುದೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದಳು. ಆದರೂ ಏನೋ ಬಿಟ್ಟುಹೋಗಿದೆ ಎಂಬ ಅನುಮಾನ ಹೋಗಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುವುದನ್ನು ಅತ್ತೆ ಗಮನಿಸಿದರು.

“ಅಲ್ಲಮ್ಮಾ, ನೀನು ಮಾಡ್ತಿರೋದು ಕಟ್ಟೋ ಕೆಲಸಾನೋ ಕೆಡವೋ ಕೆಲಸಾನೋ?”

“ಎರಡೂ ಅತ್ತೆ. ಕಟ್ಟೋದಕ್ಕೇನೂ ಹೆದರಿಕೆಯಿಲ್ಲ. ಕೆಡವೋವಾಗ ಒಳಗೆ ಯಾರಿದ್ದಾರೋ ಗೊತ್ತಾಗಲ್ಲ.”

“ಹಾಗಾದ್ರೆ ಮೊದ್ಲು ಬಾಗಿಲು ತಟ್ಟು,” ಎಂದು ಅತ್ತೆ ಮೊಸರು ಬಡಿಸಿದರು.

ತಟ್ಟಿದ್ದಳು. ಬಳಸುವವರಿಗೆ ಮೂರು ಸಲ ಪ್ರಕಟಣೆ ಕಳಿಸಿದ್ದಳು. ಓದಿದವರೆಷ್ಟೋ ಬಿಟ್ಟವರೆಷ್ಟೋ. ಕೊನೆಗೆ ಅಜ್ಜನಿಲ್ಲದ ಹೊಸ ಆವೃತ್ತಿ ಹೊರಟಿತು. ಅಂದಿನಿಂದ ಫೋನ್ ಮೇಜಿನ ಮೇಲೆ ಗುಂಯ್‌ಗುಟ್ಟಿದರೂ ಅವಳು ಓಡಿಬಂದು ನೋಡುತ್ತಿದ್ದಳು.

ಮುಂದಿನ ವಾರ, ಬೆಳಗಿನ ತಿಂಡಿಯ ಪಾತ್ರೆ ತೊಳೆಯುತ್ತಿದ್ದಾಗ ಅಣ್ಣನ ಫೋನ್ ಬಂತು. ಅಣ್ಣ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ತಂಗಿ ಮಾಡಿದ್ದೆಂಬ ಹೆಮ್ಮೆಗೆ ಅದೇ ಸಾಫ್ಟ್‌ವೇರನ್ನು ಅಲ್ಲಿಗೂ ಹಾಕಿಸಿದ್ದ.

“ಪುಕ್ಕಲೀ, ಯಾರ ಇಮೇಲೂ ತೆರೀತಿಲ್ಲ ಕಣೇ. ಖಾತೆಗಳೇ ಕಾಣ್ತಿಲ್ಲ.”

ಅವಳು ನಲ್ಲಿ ನಿಲ್ಲಿಸಿದಳು. “ಏನು ಮಾಡಿದೆ? ಒಂದೊಂದಾಗಿ ಹೇಳು.”

“ಕೆಲಸ ಬಿಟ್ಟ ಹುಡುಗೀದು ಒಂದೇ ಖಾತೆ ತೆಗೆಯೋಕೆ ಹೋದೆ. ಲ್ಯಾಬಿನ ಖಾತೆಗಳೆಲ್ಲ ಇರೋ ಇಡೀ ಗುಂಪನ್ನೇ ಅಳಿಸಲಾ ಅಂತ ಕೇಳ್ತು. ಬೇಡ ಅಂದೆ.”

“ಬೇಡ ಅಂತ ಟೈಪ್ ಮಾಡಿದ್ಯಾ?”

“ಇಲ್ಲ, ಸುಮ್ನೆ ಎಂಟರ್ ಒತ್ತಿದೆ. ಎಂಟರ್ ಅಂದ್ರೆ ಬೇಡ ಅಂತ ತಾನೇ? ಅಜ್ಜನ ಹತ್ರ ಯಾವತ್ತೂ ಹಾಗೇ ಇತ್ತಲ್ಲ.”

ಅವಳು ಬರೆದದ್ದರಲ್ಲಿ ಎಂಟರ್ ಎಂದರೆ ಹೂಂ. ತನ್ನ ಪರೀಕ್ಷೆಗಳಲ್ಲೆಲ್ಲ ಅವಳು ಉತ್ತರವನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದಳು. ಏನನ್ನೂ ಬರೆಯದೆ ಬರಿಯ ಎಂಟರ್ ಒತ್ತುವ ಧೈರ್ಯ ಅವಳಂಥವಳಿಗೆ ಎಲ್ಲಿಂದ ಬರಬೇಕು? ಜನ ಹಾಗೆ ಒತ್ತುತ್ತಾರೆಂದು ಹೊಳೆದೇ ಇರಲಿಲ್ಲ.

“ಅಣ್ಣಾ, ಮೊದಲು ಸರ್ವರ್ ನಿಲ್ಲಿಸು.”

“ನಿಲ್ಲಿಸೋದಾ? ಡಾಕ್ಟರುಗಳು ರಿಪೋರ್ಟಿಗೆ ಕಾಯ್ತಿದ್ದಾರೆ!”

“ಈಗ ಬಂದ ಪತ್ರಕ್ಕೆಲ್ಲ ಇಂಥವರು ಇಲ್ಲಿಲ್ಲ ಅಂತ ಉತ್ತರ ಹೋಗ್ತಿದೆ. ನಿಂತಿದ್ರೆ ಕಳಿಸಿದವರ ಯಂತ್ರ ಕಾದಿದ್ದು ಮತ್ತೆ ಕಳಿಸುತ್ತೆ. ನಿಲ್ಲಿಸು, ನಾನು ಬಂದೆ.”

ಬಸ್ಸಿನಲ್ಲಿ ಕೂತು ಅವಳು ಉಗುರು ಕಚ್ಚುತ್ತಲೇ ಇದ್ದಳು. ಯಾರದೋ ಜ್ವರ, ಯಾರದೋ ಆಪರೇಷನ್ನು, ತನ್ನ ಒಂದು ಸಾಲಿಗೆ ಸಿಕ್ಕಿ ಕಾದು ನಿಂತಿರುವಂತೆ ಕಂಡಿತು.

ಲ್ಯಾಬಿನ ಹಿಂದಿನ ಕಿರಿದಾದ ಕೋಣೆಯಲ್ಲಿ ಅಣ್ಣ ಬೆವರುತ್ತಿದ್ದ. ಪ್ರತಿ ವಾರ ಎಲ್ಲವನ್ನೂ ಒಂದು ಡಿಸ್ಕಿಗೆ ನಕಲು ಮಾಡಿಡುತ್ತಿದ್ದನಂತೆ. ಆದರೆ ಅದರಿಂದ ವಾಪಸ್ ತೆಗೆದು ನೋಡಿದವರು ಯಾರೂ ಇರಲಿಲ್ಲ. ಬಾಗಿಲಲ್ಲಿ ಲ್ಯಾಬಿನ ಯಜಮಾನಿ ಬಂದು ನಿಂತರು. ನರ್ಸುಗಳು ಬೆಳಗ್ಗಿನಿಂದ ಒಂದೊಂದೇ ರಿಪೋರ್ಟನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದಾರೆಂದರು.

“ಯಾರು ಮಾಡಿದ್ದು ಇದನ್ನ?”

“ನಂದೇ ಕೈತಪ್ಪು ಮೇಡಂ,” ಎಂದ ಅಣ್ಣ, ತಲೆ ಎತ್ತದೆ.

ಸುಮ್ಮನಿದ್ದುಬಿಡಬಹುದಿತ್ತು. ಅವಳು ಮುಂದೆ ಬಂದಳು. “ಇಲ್ಲ ಮೇಡಂ. ಇವರು ಮೊದಲಿಂದ ಮಾಡ್ತಿದ್ದ ಹಾಗೇ ಮಾಡಿದ್ದಾರೆ. ಸಾಫ್ಟ್‌ವೇರ್ ಬದಲಾಯಿಸಿದವಳು ನಾನು. ತಪ್ಪು ನಂದು.”

ಯಜಮಾನಿ ಇಬ್ಬರನ್ನೂ ದಿಟ್ಟಿಸಿದರು. “ಯಾರದ್ದೋ ಆಗ್ಲಿ, ಸರಿಯಾಗುತ್ತಾ?”

“ಡಿಸ್ಕ್ ಚೆನ್ನಾಗಿದ್ರೆ ಆಗುತ್ತೆ.”

ಡಿಸ್ಕ್ ಚೆನ್ನಾಗಿತ್ತು, ಪೂರ್ತಿ ಅಲ್ಲ. ಮಧ್ಯಾಹ್ನದ ಹೊತ್ತಿಗೆ ಖಾತೆಗಳೆಲ್ಲ ಮರಳಿದವು. ಆ ವಾರ ಬಂದಿದ್ದ ಪತ್ರಗಳು ಮರಳಲಿಲ್ಲ. ರಿಪೋರ್ಟುಗಳ ಪ್ರತಿ ಲ್ಯಾಬಿನ ಯಂತ್ರದಲ್ಲೇ ಇದ್ದುದರಿಂದ ಅವನ್ನು ಮತ್ತೆ ಕಳಿಸಿದರು. ಸರ್ವರ್ ಎದ್ದೊಡನೆ ಹೊರಗೆ ಕಾದಿದ್ದ ಪತ್ರಗಳು ಒಂದೊಂದಾಗಿ ಬರತೊಡಗಿದವು. ಅಣ್ಣ ಕುರ್ಚಿಗೆ ಕುಸಿದು ಉಸಿರುಬಿಟ್ಟ. ಅವಳಿಗೆ ಆ ಸಮಾಧಾನವೂ ಇರಲಿಲ್ಲ. ಇದೇ ಆವೃತ್ತಿ ಇನ್ನೆಷ್ಟು ಕಡೆ ಹೋಗಿದೆಯೋ!

ಅಲ್ಲೇ ಕೂತು, ಬಳಸುವವರೆಲ್ಲರಿಗೂ ಎಚ್ಚರಿಕೆ ಬರೆದು ಕಳಿಸಿದಳು. ಆ ಆವೃತ್ತಿಯನ್ನು ಹಿಂದಕ್ಕೆ ತೆಗೆದಳು. ತಪ್ಪು ಯಾರದೆಂದೂ ಬರೆದಳು. ಬೈದವರಿದ್ದರು. ಎರಡು ಕಡೆಯವರು ತಾವೂ ಹಾಗೇ ಒತ್ತಿದ್ದೆವೆಂದರು. ಪುಣ್ಯಕ್ಕೆ ಅವೆರಡೂ ಪರೀಕ್ಷೆಗೆಂದು ಇಟ್ಟ ಯಂತ್ರಗಳು. ತಿದ್ದಿದ ಆವೃತ್ತಿಯಲ್ಲಿ ಗುಂಪನ್ನಾಗಲಿ ಅದರೊಳಗಿನ ಒಂದು ಖಾತೆಯನ್ನಾಗಲಿ ಅಳಿಸಬೇಕಾದರೆ ಗುಂಪಿನ ಪೂರ್ತಿ ಹೆಸರು ಟೈಪ್ ಮಾಡಬೇಕು; ಬರಿಯ ಎಂಟರ್ ಎಂದರೆ ಬೇಡ. ಅಜ್ಜನನ್ನೂ ಇನ್ನೊಂದು ವರ್ಷ ಇರಗೊಟ್ಟರು.

ವರ್ಷ ತುಂಬಿದಾಗ ಅವನನ್ನು ತೆಗೆದವಳೂ ಅವಳೇ. ಆ ವಾರವೂ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು, ಫೋನ್ ಮಾತ್ರ ಸುಮ್ಮನಿತ್ತು. ಭಾನುವಾರ ಅಣ್ಣ ಊಟಕ್ಕೆ ಬಂದ.

“ನಮ್ಮ ಗುಂಪಿನ ಹೆಸರು ಎಷ್ಟುದ್ದ ಇದೆ ಗೊತ್ತಾ? ಟೈಪ್ ಮಾಡಿ ಮಾಡಿ ಬೆರಳು ನೋಯುತ್ತೆ.”

“ನೋಯ್ಲಿ,” ಎಂದು ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.