ಮಹಬೂಬನ ಫಟಫಟಿ ಶಹಾಬಾದ್ ಮುಟ್ಟಿದ್ದು

ಬೆಳಿಗ್ಗೆ ಆರಕ್ಕೆ ಚಿಂಚೋಳಿ ಬಿಟ್ಟೆವು ಎಂದು ಬರೆಯಬೇಕಿತ್ತು. ಆರಕ್ಕೆ ಸಿದ್ಧನಾಗಿದ್ದವನು ನಾನೊಬ್ಬನೇ. ಡ್ರೈವರ್, ಹಮಾಲ ಬಂದು ಜೀಪು ಬಿಟ್ಟದ್ದು ಎಂಟೂವರೆಗೆ. ಮುಂಗಾರಿನ ಮಿರಗದ ಮಳೆಗೆ ಇನ್ನೂ ಹದಿನೈದು ದಿನ ಇದ್ದವು, ಎಂಟಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಹಾಗಾಗಿ ನನ್ನ ಪ್ರಯಾಣ ಶುರುವಾದದ್ದೇ ಸಿಟ್ಟಿನಿಂದ.

ನಾನು ಒಯ್ಯುತ್ತಿದ್ದದ್ದು ಮಹಬೂಬನ ಮೋಟಾರ್ ಸೈಕಲ್ಲು. ನಮ್ಮೂರ ಹಿಟ್ಟಿನ ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಮಹಬೂಬ ಮಿಸ್ತ್ರಿಯನ್ನು ಊರವರು ಯಾರೂ ಮರೆತಿರಲಾರರು. ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆದ ವಾರ ಅವನು ಜೀವಭಯದಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಬಿಡುವ ಮೊದಲು ಫಟಫಟಿಯನ್ನು ನಮ್ಮ ಕೊಟ್ಟಿಗೆಗೆ ತಳ್ಳಿಕೊಂಡು ಬಂದು, "ಮಾಸ್ತರ್, ಇದು ನಿಮ್ಮ ಹತ್ರ ಅಮಾನತ್ ಇರ್ಲಿ" ಎಂದು ಜೋಪಾನಕ್ಕೆ ಒಪ್ಪಿಸಿದ್ದ. ಮೂರು ವರ್ಷದ ಮೇಲಾಯಿತು. ತೊಗರಿ ಕಟ್ಟಿಗೆಯ ಮರೆಯಲ್ಲಿಟ್ಟು, ವಾರಕ್ಕೊಮ್ಮೆ ಎಣ್ಣೆ ಅರಿವೆಯಿಂದ ಒರೆಸಿ, ಇಲಿಗಳು ಸೀಟು ಕಡಿಯದಂತೆ ಬೇವಿನ ಸೊಪ್ಪು ಹೊದಿಸಿ ಕಾಪಾಡಿದ್ದೆ. ಒಂದು ಗೀರೂ ಬಿದ್ದಿರಲಿಲ್ಲ. ಮೊನ್ನೆ ಶಹಾಬಾದಿನಿಂದ ಅವನ ಕಾರ್ಡು ಬಂತು. ಅಲ್ಲಿ ಕಲ್ಲಿನ ಖಣಿಗಳ ಪಂಪು ರಿಪೇರಿ ಮಾಡುವ ಕೆಲಸ ಸಿಗುವಂತಿದೆ, ಆದರೆ ಖಣಿಯಿಂದ ಖಣಿಗೆ ಓಡಾಡಲು ಸ್ವಂತ ಗಾಡಿ ಇದ್ದವನಿಗೇ ಕೊಡುತ್ತಾರೆ, ಮೋಟಾರ್ ಸೈಕಲ್ಲು ಇದ್ದರೆ ಕಳಿಸಿಕೊಡಿ ಎಂದು ಬರೆದಿದ್ದ. ಇದ್ದರೆ ಅಂತೆ! ನನ್ನ ಹತ್ತಿರ ಇಟ್ಟದ್ದು ಇರದೆ ಎಲ್ಲಿ ಹೋಗುತ್ತದೆ?

ನನಗೆ ಗಾಡಿ ಹೊಡೆಯಲು ಬಾರದು, ಅದರ ಟೈರುಗಳೂ ಬಿರಿದಿದ್ದವು. ಸೇಡಮ್ಮಿನಿಂದ ರೈಲಿಗೆ ಹಾಕೋಣವೆಂದರೆ ಹಲಗೆಯ ಪೆಟ್ಟಿಗೆ ಮಾಡಿಸಬೇಕೆಂದರು. ಅಷ್ಟರಲ್ಲಿ ನಮ್ಮ ಹೊಸ ಶಾಲೆಗೆ ಹಾಸುಗಲ್ಲು ತರುವ ಗುತ್ತಿಗೆದಾರನ ಜೀಪಿನ ನೆನಪಾಯಿತು. ಅದರ ಹಿಂದೆ ಎರಡು ಗಾಲಿಯ ಟ್ರೇಲರ್ ಇದೆ, ಶಹಾಬಾದಿಗೆ ಖಾಲಿಯೇ ಹೋಗುತ್ತದೆ. ಡ್ರೈವರ್ ಸಿದ್ರಾಮ, ಹಮಾಲ ಹಣಮಂತ. ಹಣಮಂತನಿಗೆ ಐವತ್ತರ ಮೇಲಾಗಿದೆ, ಮೂವತ್ತು ವರ್ಷದಿಂದ ಕಲ್ಲು ಹೇರುತ್ತಿದ್ದಾನೆ. ಕಲ್ಲು ಬಿಟ್ಟು ಬೇರೇನನ್ನೂ ಹೇರಿಲ್ಲ. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಫಟಫಟಿಯನ್ನು ಹಲಗೆಯ ಮೇಲಿಂದ ಹತ್ತಿಸಿದ್ದಾಯಿತು. ಹಣಮಂತ ತೆಂಗಿನಕಾಯಿ ತೆಗೆದುಕೊಂಡ. ಗಾಲಿಯ ಮುಂದೆ ಒಡೆಯುತ್ತಾನೆ ಎಂದು ನಾನು ಕೈ ಮುಗಿದು ಕಣ್ಣು ಮುಚ್ಚಿದೆ. ಢಣ್ ಎಂದಿತು. ಕಣ್ಣು ತೆರೆದು ನೋಡಿದರೆ ಪೆಟ್ರೋಲ್ ಟ್ಯಾಂಕಿಗೇ ಒಡೆದಿದ್ದ! ಕಾಯಿನೀರು ಇಂಜಿನ್ನಿನ ಮೇಲೆ ಇಳಿಯುತ್ತಿತ್ತು, ಟ್ಯಾಂಕಿನ ಮೇಲೆ ಮುಷ್ಟಿಯಷ್ಟು ತಗ್ಗು ಬಿದ್ದಿತ್ತು.

"ಏನ್ ಮಾಡಿದ್ಯೋ ಮಾರಾಯಾ!" ಎಂದು ಕೂಗಿದೆ.

"ಹೇರಿದ್ದ ಮಾಲಿಗೇ ಕಾಯಿ ಒಡೀಬೇಕ್ರಿ ಮಾಸ್ತರ್" ಎಂದ ಹಣಮಂತ, ನನಗೇ ಪಾಠ ಹೇಳುವವನಂತೆ. "ಕಲ್ಲಿಗೆ ಹಂಗ ಮಾಡ್ತೀವಿ. ಇಲ್ಲಂದ್ರ ಹಾದ್ಯಾಗ ಒಡೀತದ."

ಮೂರು ವರ್ಷದಲ್ಲಿ ಬೀಳದ ಗೀರು ಊರು ಬಿಡುವ ಮೊದಲೇ ಬಿತ್ತು.

ಚಿಂಚೋಳಿಯಿಂದ ಸೇಡಮ್ಮಿಗೆ ಇಪ್ಪತ್ತೈದು ಮೈಲಿಗಿಂತ ಹೆಚ್ಚು. ರಸ್ತೆ ಎಂದು ಕರೆಯುವುದು ನಮ್ಮ ದೊಡ್ಡತನ. ಎರಡು ಮೈಲು ಹೋಗುವಷ್ಟರಲ್ಲಿ ಹಿಂದೆ ಫಟಫಟಿ ತೂಗುವುದು ಕಂಡಿತು. ಗಾಡಿ ನಿಲ್ಲಿಸಿ ನೋಡಿದೆ. ಹಣಮಂತ ಸುತ್ತಲೂ ಜೋಳದ ಒಣದಂಟಿನ ಕಣಿಕೆ ತುರುಕಿದ್ದ, ಹಗ್ಗವನ್ನು ಮಾತ್ರ ಕೈ ತೂರುವಷ್ಟು ಸಡಿಲ ಬಿಟ್ಟಿದ್ದ.

"ಬಿಗಿ ಕಟ್ಟಿದ್ರ ಬಿರಕ ಬಿಡ್ತದ್ರಿ. ಮಾಲಿಗೆ ಆಡ್ಲಿಕ್ಕ ಜಾಗ ಬೇಕು" ಎಂದ ಹಣಮಂತ.

"ಇದೇನು ಕಲ್ಲೇನೋ?"

"ಕಲ್ಲಿಗಿಂತ ನಾಜೂಕ ಅದ ಅಂತ ನೀವೇ ಅಂದ್ರಿ. ಅದಕ್ಕ ಇನ್ನಾ ಸಡ್ಲ ಬಿಟ್ಟೀನಿ."

ನಾನೇ ಹಗ್ಗ ಬಿಗಿದೆ. ಮುಂದೆ ಚಹಾಕ್ಕೆ ನಿಂತಾಗ ಅವನು ನನಗೆ ಕಾಣದಂತೆ ಮತ್ತೆ ಸಡಿಲಿಸಿದ. ಗಾಡಿಗೆ ಒಳ್ಳೆಯದಾಗಲಿ ಎಂದೇ ಸಡಿಲಿಸಿದ, ಅದು ಇನ್ನೂ ಸಿಟ್ಟು ತರಿಸುವ ಮಾತು. ಮುಂದಿನ ಹಳ್ಳದ ಇಳಿಜಾರಿನಲ್ಲಿ ಫಟಫಟಿ ಒಂದು ಮಗ್ಗುಲಿಗೆ ಬಿದ್ದು ಕ್ಲಚ್ಚಿನ ಹಿಡಿ ಮುರಿಯಿತು. ಅಲ್ಲಿಂದ ನಾನು ಜೀಪಿನ ಸೀಟು ಬಿಟ್ಟು ಟ್ರೇಲರಿನಲ್ಲಿ ಕಣಿಕೆಯ ಮೇಲೆ ಕುಳಿತು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೆ. ಧೂಳಿಗೆ ನನ್ನ ಬಿಳಿ ಧೋತರ ಕೆಂಪು ಮಸಾರಿ ಮಣ್ಣಿನ ಬಣ್ಣವಾಯಿತು.

ಸೇಡಮ್ಮಿನಲ್ಲಿ ಎರಡು ಗಂಟೆಗೆ ಊಟ. ಖಾನಾವಳಿಯ ಜೋಳದ ರೊಟ್ಟಿ, ಪುಂಡಿಪಲ್ಯ, ಖಾರಬ್ಯಾಳಿ ಚೆನ್ನಾಗಿದ್ದವು. ಊಟದ ಬಗ್ಗೆ ನನ್ನ ತಕರಾರಿಲ್ಲ. ಕೈ ತೊಳೆದು ಬಂದು ನೋಡಿದರೆ ಟ್ರೇಲರಿನಲ್ಲಿ ಎರಡು ಚೀಲ ತೊಗರಿಬೇಳೆ, ಕುರಕುಂಟೆಯ ಒಬ್ಬ ಮುದುಕಿ, ಅವಳ ಬುಟ್ಟಿ; ಮೋಟಾರ್ ಸೈಕಲ್ಲಿನ ಸೀಟಿನ ಮೇಲೆ ರುಮಾಲು ಸುತ್ತಿದ ಐನಾಪುರದ ಒಬ್ಬ ಗೌಡರು ಕಾಲು ಇಳಿಬಿಟ್ಟು ಕುಳಿತು ಹಾರ್ನು ಒತ್ತುತ್ತಿದ್ದರು!

"ಇಳೀರಿ ಗೌಡ್ರ, ಅದು ಮಂದಿ ಅಮಾನತ್ ಅದ" ಎಂದೆ.

"ಇಳೀಲಿಕ್ಕ ಚಿತ್ತಾಪುರ ಬರ್ಬೇಕಲ್ಲ" ಎಂದು ಗೌಡರು ನಕ್ಕರು. "ನಾ ಕುಂತ್ರ ಅದು ಅಲುಗಾಡೂದಿಲ್ಲ, ನೋಡ್ರಿ. ನಿಮಗ ಛಲೋನೇ ಆತು."

ಸಿದ್ರಾಮನನ್ನು ಕೇಳಿದರೆ, ಖಾಲಿ ಜಾಗ ಇಟ್ಟುಕೊಂಡು ಮಂದಿಗೆ ಇಲ್ಲ ಅನ್ನುವುದು ಹೇಗೆ ಎಂದ. ಗೌಡರ ಮಾತು ನಿಜವೂ ಆಯಿತು. ಅವರ ಭಾರಕ್ಕೆ ಫಟಫಟಿ ಚಿತ್ತಾಪುರದವರೆಗೆ ಅಲುಗಲಿಲ್ಲ. ಆದರೆ ಅವರು ಇಳಿದಾಗ ಸೀಟಿನ ಸ್ಪ್ರಿಂಗ್ ಮತ್ತೆ ಮೇಲೆ ಬರಲಿಲ್ಲ. ದಾರಿಯಲ್ಲಿ ಟ್ರೇಲರಿನ ಟ್ಯೂಬು ಎರಡು ಸಲ ಪಂಕ್ಚರ್ ಆಗಿ ಇಪ್ಪತ್ತು ಮೈಲಿಗೆ ಐದು ತಾಸು ಹಿಡಿದಿತ್ತು. ಆ ರಾತ್ರಿ ಚಿತ್ತಾಪುರದ ಛತ್ರದಲ್ಲಿ ಮಲಗಿದೆವು.

ಮರುದಿನ ಮುಂಜಾನೆ ಹಗ್ಗವನ್ನು ನಾನೇ ಕಟ್ಟಿ, ಗಂಟಿನ ಮೇಲೆ ಕೈ ಇಟ್ಟುಕೊಂಡೇ ಹೊರಟೆ. ವಾಡಿಯವರೆಗೆ ಎಲ್ಲ ಸುಸೂತ್ರ. ವಾಡಿಯ ರೈಲು ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿಯೊಂದು ಹಿಂದೆ ಮುಂದೆ ಮಾಡುತ್ತ ಮುಕ್ಕಾಲು ತಾಸು ನಮ್ಮನ್ನು ಏರಿನ ಮೇಲೆ ನಿಲ್ಲಿಸಿತು. ಟ್ರೇಲರಿನ ಕೊಂಡಿಗೆ ಹಾಕುವ ಕಬ್ಬಿಣದ ಗೂಟ ಯಾವತ್ತೋ ಕಳೆದುಹೋಗಿತ್ತಂತೆ; ಅದರ ಬದಲು ಕಲ್ಲು ಸೀಳುವ ಉಳಿಯೊಂದನ್ನು ಹಾಕಿಟ್ಟಿದ್ದರು. ಬಾಯಾರಿಕೆಯಾಗಿ ನಾನು ನಳದ ಕಡೆ ಹೋಗಿದ್ದೆ. ಗೇಟು ತೆರೆಯಿತು, ಸಿದ್ರಾಮ ಜೀಪನ್ನು ಜಗ್ಗಿಸಿದ, ಉಳಿ ಎಗರಿ ಬಿತ್ತು. ಜೀಪು ಮುಂದೆ ಹೋಯಿತು, ಟ್ರೇಲರ್ ಹಿಂದಕ್ಕೆ ಉರುಳಿತು. ನಾನು ಕೈಯಲ್ಲಿ ತಂಬಿಗೆ ಹಿಡಿದು ಓಡುತ್ತಿದ್ದಂತೆಯೇ ಅದು ತಗ್ಗಿಗೆ ಇಳಿದು ಮೂತಿ ಎತ್ತಿ ನಿಂತಿತು. ಈ ಸಲ ಹಗ್ಗ ಬಿಗಿಯಾಗಿತ್ತು, ಅದಕ್ಕೇ ಹರಿಯಿತು. ಫಟಫಟಿ ತಲೆಕೆಳಗಾಗಿ ನೆಲಕ್ಕೆ ಬಿದ್ದು ಮುಂದಿನ ದೀಪ ಪುಡಿಯಾಯಿತು, ಹ್ಯಾಂಡಲ್ ಸೊಟ್ಟಗಾಯಿತು.

"ನಾ ಹೇಳಿದ್ನಿಲ್ರೀ, ಬಿಗೀಬ್ಯಾಡ್ರಿ ಅಂತ" ಎಂದ ಹಣಮಂತ.

ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮಕ್ಕಳಿಗೆ ಪಾಠ ಹೇಳುವವನು ಆಡುವ ಮಾತುಗಳಲ್ಲ. ಅವನ ಹೇರಾಟ, ಸಿದ್ರಾಮನ ಉಳಿ, ಗುತ್ತಿಗೆದಾರನ ವಂಶ ಎಲ್ಲವನ್ನೂ ಜಾಲಾಡಿದೆ. ಹಣಮಂತ ತಲೆ ತಗ್ಗಿಸಿ ಗಾಜಿನ ಚೂರು ಆರಿಸುತ್ತಿದ್ದ. ಮಹಬೂಬನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕೊಟ್ಟಾಗ ಹೇಗಿತ್ತೋ ಹಾಗೆ ಒಪ್ಪಿಸದಿದ್ದರೆ ಅದು ಎಂಥ ಅಮಾನತು?

ವಾಡಿಯಿಂದ ಆರೇಳು ಮೈಲು. ಶಹಾಬಾದಿನಲ್ಲಿ ಕಲ್ಲಿನ ಬಿಳಿ ಧೂಳು ಮನೆಗಳ ಮೇಲೆ, ಬೇವಿನ ಮರದ ಮೇಲೆ, ಹಾದುಹೋಗುವವರ ರೆಪ್ಪೆಯ ಮೇಲೂ ಕೂತಿತ್ತು. ಮಹಬೂಬ ತಗಡಿನ ಛಾವಣಿಯ ಒಂದು ಗುಡಿಸಲಿನ ಮುಂದೆ ನಿಂತಿದ್ದ. ಗಡ್ಡ ಅರ್ಧ ಬೆಳ್ಳಗಾಗಿತ್ತು.

ಅವನು ಸಲಾಮ್ ಮಾಡುವ ಮೊದಲೇ ನಾನು ಶುರು ಮಾಡಿದೆ. ಕಾಯಿ, ಹಗ್ಗ, ಗೌಡರು, ಉಳಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದ, ಟ್ಯಾಂಕಿನ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ನೀರು ಕಂಡಿತು. ಗಾಡಿಯ ಗತಿ ನೋಡಿ ಅಳುತ್ತಿದ್ದಾನೆ ಎಂದುಕೊಂಡು ನಾನು ಹಣಮಂತನ ಕಡೆ ತಿರುಗಿ ಮತ್ತೆ ಬೈಯತೊಡಗಿದೆ.

"ಬಿಡ್ರಿ ಮಾಸ್ತರ್, ಅವ್ರಿಗ್ಯಾಕ ಬೈಲಿಕತ್ತೀರಿ" ಎಂದ ಮಹಬೂಬ. "ಹ್ಯಾಂಡಲ್ ಬಡಿದ್ರ ನೆಟ್ಟಗಾಗ್ತದ. ನಾಕ್ ದಿನದ ಕೆಲ್ಸ. ಕುಂದ್ರಿ, ಮೊದ್ಲ ನೀರ್ ಕುಡೀರಿ."

ನಾನು ಕಲ್ಲಿನ ಮೇಲೆ ಕುಳಿತೆ. ಅವನೂ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ.

"ಊರ್ ಬಿಡೋ ಮುಂದ ನಿಮ್ಮ ಓಣ್ಯಾಗ ಮೂರು ಮನ್ಯಾಗ ಸಾಮಾನ ಇಟ್ಟಿದ್ದೆ. ನನ್ನ ಹೆಂಡ್ತಿ ಹೊಲಿಗಿ ಮಶೀನು ಒಂದ್ ಮನ್ಯಾಗ, ನನ್ನ ಹತಾರದ ಪೆಟ್ಟಿಗಿ ಇನ್ನೊಂದ್ ಮನ್ಯಾಗ, ಗಾಡಿ ನಿಮ್ಮಲ್ಲಿ. ಹ್ವಾದ ವರ್ಷ ಕೇಳ್ಲಿಕ್ಕ ಬಂದಿದ್ದೆ."

"ಚಿಂಚೋಳಿಗಿ ಬಂದಿದ್ದಿ? ನಮ್ಮ ಮನಿಗ್ಯಾಕ ಬರ್ಲಿಲ್ಲ?"

"ಮೊದ್ಲನೇ ಮನ್ಯಾಗ, ಯಾವ ಮಶೀನು ಅಂದ್ರು. ಎರಡ್ನೇ ಮನ್ಯಾಗ, ನೀ ಯಾರು ಅಂದ್ರು." ಅವನು ನೆಲ ನೋಡುತ್ತಿದ್ದ. "ಮೂರ್ನೇ ಮನಿಗಿ ಬರ್ಲಿಕ್ಕ ಧೈರ್ಯ ಆಗ್ಲಿಲ್ಲ ಮಾಸ್ತರ್. ನೀವೂ ಹಂಗ ಅಂದಿದ್ರ ನಾ ಏನ್ ಮಾಡ್ಲಿ?"

ಯಾವ ಮನೆಗಳು ಎಂದು ಕೇಳಿದೆ. ಎರಡನೆಯ ಸಲ ಜೋರು ಮಾಡಿ ಕೇಳಿದೆ. ಅವನು ಹೆಂಡತಿಗೆ ಚಹಾ ಇಡಲು ಹೇಳುವ ನೆಪದಲ್ಲಿ ಎದ್ದು ಒಳಗೆ ಹೋದ. ಆ ಹೊತ್ತಿಗೆ ಹಣಮಂತ ಸದ್ದಿಲ್ಲದೆ ಫಟಫಟಿಯನ್ನು ತಗಡಿನ ನೆರಳಿಗೆ ತಳ್ಳಿ, ಧೂಳು ಕೂರದಂತೆ ತನ್ನ ಹೆಗಲ ಮೇಲಿನ ಪಂಚೆ ಹೊದಿಸುತ್ತಿದ್ದ. ಎರಡು ದಿನ ನಾನು ಬೈದದ್ದು ಇವನನ್ನು.

ವಾಪಸು ರೈಲಿನಲ್ಲಿ ಬಂದೆ. ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂ, ಅಲ್ಲಿಂದ ಬಸ್ಸು. ಬಸ್ಸಿಗೆ ಒಂದು ರೂಪಾಯಿ, ಚಹಾಕ್ಕೆ ಒಂದಾಣೆ.

ಚಿಂಚೋಳಿಯಲ್ಲಿ ಇಳಿದು ಓಣಿಗೆ ಬಂದಾಗ ಸಂಜೆ ಐದಾಗಿತ್ತು. ಯಾರದೋ ಮನೆಯೊಳಗೆ ಹೊಲಿಗೆ ಮಶೀನು ಓಡುತ್ತಿತ್ತು. ನಮ್ಮ ಓಣಿಯಲ್ಲಿ ಮಶೀನು ಇರುವ ಮನೆಗಳು ನಾಲ್ಕು. ನಾಲ್ಕೂ ಮನೆಯ ಮಕ್ಕಳಿಗೆ ನಾನು ಅಕ್ಷರ ಕಲಿಸಿದ್ದೇನೆ, ನಾಲ್ಕೂ ಮನೆಯಲ್ಲಿ ಹಬ್ಬದೂಟ ಉಂಡಿದ್ದೇನೆ. ನಾನು ಬೀದಿಯ ನಡುವೆ ನಿಂತೆ. ಮಶೀನಿನ ಸದ್ದು ನಿಂತಿತು, ಒಳಗಿನಿಂದ ಯಾರೋ ಅಕ್ಕರೆಯಿಂದ ಕರೆದರು.

"ಮಾಸ್ತರ್, ಯಾವಾಗ ಬಂದ್ರಿ? ಒಳಗ ಬರ್ರಿ, ಚಾ ಕುಡ್ದು ಹೋಗ್ರಿ."

ನಾನು ಹೋಗಲಿಲ್ಲ.